ಗುಟ್ಟು ಬಿಟ್ಟುಕೊಟ್ಟ ಹೊನ್ನಿನೂರು

ಕೆನಡಾ ದೇಶವನ್ನು ಮೂಡಣ ಕಡಲಿನಿಂದ ಪಡುವಣ ಕಡಲಿನವರೆಗೆ ಹಾದುಹೋಗುವ ಹೆದ್ದಾರಿಯೊಂದುಂಟು. ಆಂಟೇರಿಯೋ ಪ್ರಾಂತದ ಪಡುವಣ ಅಂಚಿಗೆ ಸಮೀಪದಲ್ಲಿ, ವರ್ಮಿಲಿಯನ್ ಬೇ ಎಂಬ ಪುಟ್ಟ ಊರಿನ ಬಳಿ, ಆ ಹೆದ್ದಾರಿಯಿಂದ ಒಂದು ಕವಲುದಾರಿ ಬಡಗಣಕ್ಕೆ ತಿರುಗುತ್ತದೆ. ಅದರ ನಂಬರು 105. ಈ ದಾರಿಯನ್ನು ಹಿಡಿದ ಪ್ರವಾಸಿಗನಿಗೆ ಮುಂದಿನ ಸುಮಾರು 170 ಕಿಲೋಮೀಟರು ಕಾಣುವುದು ಕಾಡು, ಸರೋವರ, ಬಂಡೆ. ಮತ್ತೆ ಕಾಡು, ಸರೋವರ, ಬಂಡೆ. ಕಾಡೆಂದರೆ ಮಲೆನಾಡಿನ ಕಾಡಲ್ಲ. ಬಳ್ಳಿಯಿಲ್ಲ, ಬಿದಿರಿಲ್ಲ, ಹಕ್ಕಿಗಳ ಗದ್ದಲವಿಲ್ಲ. ನೆಟ್ಟಗೆ ನಿಂತ ಸ್ಪ್ರೂಸ್ ಮರಗಳು, ಜ್ಯಾಕ್ ಪೈನ್ ಮರಗಳು, ನಡುನಡುವೆ ಬಿಳಿಯ ತೊಗಟೆಯ ಬರ್ಚ್ ಮರಗಳು, ಅಷ್ಟೆ. ಮುಸ್ಸಂಜೆಯಲ್ಲಿ ವಾಹನ ನಡೆಸುವವರು ಮೂಸ್ ಎಂಬ ದೊಡ್ಡ ಕಡವೆ ರಸ್ತೆಗೆ ಅಡ್ಡಬಂದೀತೆಂದು ಎಚ್ಚರದಿಂದಿರಬೇಕು. ನಡುದಾರಿಯಲ್ಲಿ ಇಯರ್ ಫಾಲ್ಸ್ ಎಂಬ ಊರು ಬಂದು, ಇಂಗ್ಲಿಷ್ ನದಿಯನ್ನು ದಾಟಿಸಿ, ಹಿಂದಾಗುತ್ತದೆ. ಕೊನೆಗೆ ದಾರಿ ಒಂದು ದೊಡ್ಡ ಸರೋವರದ ದಂಡೆಯನ್ನು ಮುಟ್ಟುತ್ತದೆ. ಅಲ್ಲಿಗೆ ಹೆದ್ದಾರಿಯೂ ಮುಗಿಯುತ್ತದೆ. ಅದರಾಚೆ ಹೋಗಬೇಕಾದವರು ಕಾಡುದಾರಿಯನ್ನೋ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಸಾಗುವ ಮಂಜಿನ ದಾರಿಯನ್ನೋ, ನೀರಿನ ಮೇಲೆ ಇಳಿಯುವ ಸಣ್ಣ ವಿಮಾನವನ್ನೋ ನೆಚ್ಚಬೇಕು.

ಸರೋವರದ ಹೆಸರು ರೆಡ್ ಲೇಕ್. ದಂಡೆಯ ಊರಿಗೂ ಅದೇ ಹೆಸರು. ನೀರು ಮಾತ್ರ ಕೆಂಪಾಗಿಲ್ಲ. ಬಹು ಹಿಂದೆ ಇಬ್ಬರು ಬೇಟೆಗಾರರು ದಡದಲ್ಲಿ ಭಾರಿ ಮೂಸ್ ಒಂದನ್ನು ಕೊಂದರಂತೆ, ಅದರ ನೆತ್ತರು ಹರಿದು ನೀರೆಲ್ಲ ಕೆಂಪಾಯಿತಂತೆ ಎಂದು ಆ ಸೀಮೆಯ ಮೂಲನಿವಾಸಿಗಳಲ್ಲಿ ಕಥೆಯಿದೆ. ಅನಿಶಿನಾಬೆ ಎಂದು ಅವರು ತಮ್ಮನ್ನು ಕರೆದುಕೊಳ್ಳುತ್ತಾರೆ. ನೆಲ ಮೊದಲಿಗೆ ಅವರದು. 1873ರ ಮೂರನೆಯ ಒಪ್ಪಂದ ಎಂದು ಹೆಸರಾದ ಕರಾರಿನ ಸೀಮೆಗೆ ಈ ಪ್ರದೇಶ ಸೇರುತ್ತದೆ. ಆ ಕರಾರು ನಡೆದಾಗ ಕಾಡಿನ ಅಡಿಯಲ್ಲಿ ಏನಿದೆಯೆಂಬುದು ಎರಡು ಕಡೆಯವರಿಗೂ ತಿಳಿದಿರಲಿಲ್ಲ.

ಊರು ಚಿಕ್ಕದು. 2021ರ ಜನಗಣತಿಯಂತೆ ಅಕ್ಕಪಕ್ಕದ ಬಾಮರ್‌ಟೌನ್, ಕಾಕನೂರ್ ಮೊದಲಾದ ಗಣಿಕೇರಿಗಳನ್ನು ಕೂಡಿಸಿ ಹಿಡಿದರೂ ಜನಸಂಖ್ಯೆ 4,094. ಕನ್ನಡ ನಾಡಿನ ಒಂದು ದೊಡ್ಡ ಹಳ್ಳಿಗೆ ಇದಕ್ಕಿಂತ ಹೆಚ್ಚು ಜನರಿದ್ದಾರು. ನೋಡತಕ್ಕ ಗುಡಿ ಗೋಪುರಗಳಿಲ್ಲ, ಅರಮನೆಯಿಲ್ಲ. ಹಾಗಿದ್ದೂ 2001ರ ತರುವಾಯ ಲೋಕದ ನಾನಾ ಕಡೆ ವ್ಯಾಪಾರಶಾಸ್ತ್ರವನ್ನು ಬೋಧಿಸುವವರು ಈ ಊರಿನ ಹೆಸರನ್ನು ಮತ್ತೆ ಮತ್ತೆ ಎತ್ತುತ್ತ ಬಂದಿದ್ದಾರೆ. ಅಂತರಜಾಲದ ಮೂಲಕ ಕಂಡು ಕೇಳದ ಸಾವಿರ ಜನರನ್ನು ಒಂದು ಕಂಪನಿ ತನ್ನ ಕೆಲಸಕ್ಕೆ ಕರೆಯಬಹುದು, ಅದರಿಂದ ಲಾಭವನ್ನೂ ಪಡೆಯಬಹುದು ಎಂಬುದಕ್ಕೆ ಅವರು ಕೊಡುವ ಮೊದಲ ಉದಾಹರಣೆಗಳಲ್ಲಿ ರೆಡ್ ಲೇಕಿನ ಚಿನ್ನದ ಗಣಿ ಒಂದು. ಹೊಸ ವಿದ್ಯೆಗೆ ಹೊಸ ಪಟ್ಟಣಗಳೇ ತವರೆಂದು ತಿಳಿದವರಿಗೆ ಇದು ಸೋಜಿಗ. ಹೆದ್ದಾರಿ ಮುಗಿಯುವ ಕಾಡಿನೂರಿನಲ್ಲಿ, ಲೋಕದ ಅತಿ ಹಳೆಯ ಕಸುಬುಗಳಲ್ಲಿ ಒಂದಾದ ಗಣಿಗಾರಿಕೆಯಲ್ಲಿ, ಆ ಪ್ರಯೋಗ ನಡೆಯಿತು.

ಚಿನ್ನದ ಕಸುಬು ಮೊದಲಿನಿಂದಲೂ ಗುಟ್ಟಿನ ಕಸುಬು. ನಿಧಿಯ ಮೇಲೆ ಸರ್ಪ ಹೆಡೆಯೆತ್ತಿ ಕಾದಿರುತ್ತದೆಂದು ನಂಬಿದ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ರೆಡ್ ಲೇಕಿನ ಚರಿತ್ರೆ ಆರಂಭವಾದದ್ದು 1925ರ ಬೇಸಗೆಯಲ್ಲಿ. ಲಾರ್ನ್ ಹೋವಿ, ರೇ ಹೋವಿ ಎಂಬ ಸಹೋದರರು ಸರೋವರದ ದಂಡೆಯಲ್ಲಿ ಚಿನ್ನವನ್ನು ಅರಸುತ್ತಿದ್ದಾಗ, ಬುಡಮೇಲಾಗಿ ಬಿದ್ದಿದ್ದ ಒಂದು ಮರದ ಬೇರಿನ ಕೆಳಗೆ ಹೊನ್ನಿನ ಗೆರೆಯುಳ್ಳ ಕಲ್ಲು ಕಾಣಿಸಿತು. ಅಂಥ ಸುದ್ದಿ ಎಷ್ಟು ದಿನ ಮುಚ್ಚಿಟ್ಟುಕೊಂಡಿದ್ದೀತು? ಮರುವರ್ಷದ ಚಳಿಗಾಲದಲ್ಲಿಯೇ ಜನ ನುಗ್ಗಿದರು. ರೈಲಿನ ಹಡ್ಸನ್ ನಿಲ್ದಾಣದಲ್ಲಿಳಿದು, ನಾಯಿಗಳು ಎಳೆಯುವ ಜಾರುಬಂಡಿಗಳಲ್ಲಿ ಅಕ್ಕಿ ಬೇಳೆಗೆ ಬದಲು ಹಿಟ್ಟು ಹಂದಿಮಾಂಸಗಳನ್ನು ಹೇರಿಕೊಂಡು, ಹೆಪ್ಪುಗಟ್ಟಿದ ಸರೋವರಗಳ ಮೇಲೆ 150 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ತುಳಿದರು. ಇಲ್ಲಿಯ ಜನವರಿಯಲ್ಲಿ ಉಷ್ಣಮಾನ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಬಂದವನು ಬಂದವನೇ ನಾಲ್ಕು ಮೂಲೆಗೆ ಗೂಟ ಹೊಡೆದು, ಇಷ್ಟು ನೆಲ ನನ್ನದೆಂದು ಸಾರಿ, ನೆರೆಯವನ ಕಣ್ಣು ತಪ್ಪಿಸಿ ಅಗೆಯತೊಡಗಿದ.

ಆ ನುಗ್ಗಾಟದಿಂದ ಚಿನ್ನವಲ್ಲದೆ ಇನ್ನೊಂದು ಲಾಭವೂ ಆಯಿತು. ನಾಯಿಬಂಡಿ ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದ ದಾರಿಯನ್ನು ವಿಮಾನ ಗಂಟೆ ಎರಡು ಗಂಟೆಯಲ್ಲಿ ಹಾರಿತು. 1926ರಲ್ಲಿ ವಿನ್ನಿಪೆಗ್ಗಿನ ಧಾನ್ಯವ್ಯಾಪಾರಿ ಜೇಮ್ಸ್ ರಿಚರ್ಡ್‌ಸನ್ ಹಣ ಹೂಡಿ, ಓಕ್ಸ್ ಎಂಬ ವೈಮಾನಿಕನ ಜೊತೆಗೂಡಿ, ವೆಸ್ಟರ್ನ್ ಕೆನಡಾ ಏರ್‌ವೇಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಬೇಸಗೆಯಲ್ಲಿ ಕಾಲಿಗೆ ದೋಣಿ, ಚಳಿಗಾಲದಲ್ಲಿ ಹಲಗೆ ಕಟ್ಟಿಕೊಂಡ ವಿಮಾನಗಳು ಯಂತ್ರದ ಬಿಡಿಭಾಗ, ಕಾಗದಪತ್ರ, ಸಿಡಿಮದ್ದು, ವೈದ್ಯ ಎಲ್ಲವನ್ನೂ ತಂದಿಳಿಸಿದವು. ಕೆನಡಾದಲ್ಲಿಯೇ ನಿರ್ಮಿಸಿದ ನಾರ್ಸ್‌ಮನ್ ಎಂಬ ವಿಮಾನಕ್ಕೆ ತಮ್ಮ ಊರೇ ಲೋಕದ ರಾಜಧಾನಿಯೆಂದು ಇಂದಿಗೂ ರೆಡ್ ಲೇಕಿನವರ ಹೆಮ್ಮೆ. ಅಂಥ ಒಂದು ವಿಮಾನವನ್ನು ಹೋವಿ ಕೊಲ್ಲಿಯ ದಂಡೆಯಲ್ಲಿ ಕಂಬದ ಮೇಲೆ ನಿಲ್ಲಿಸಿದ್ದಾರೆ. ಬೇರೆ ಊರಿನವರಾಗಿದ್ದರೆ ಆ ಜಾಗದಲ್ಲಿ ಸೇನಾಪತಿಯ ವಿಗ್ರಹವಿರುತ್ತಿತ್ತು.

ಹೋವಿ ಸಹೋದರರ ಹೆಸರಿನ ಗಣಿ 1930ರಿಂದ 1941ರವರೆಗೆ ನಡೆದು ನಿಂತಿತು. ನಿಜವಾದ ಹೊನ್ನು ಇನ್ನೂ ಆಚೆಗಿತ್ತು. ಈಗ ಬಾಮರ್‌ಟೌನ್ ಇರುವ ಜಾಗದಲ್ಲಿ 1948ರಲ್ಲಿ ಡಿಕನ್‌ಸನ್ ಎಂಬ ಗಣಿಯೂ, ಮರುವರ್ಷ ಅದರ ಮಗ್ಗುಲಲ್ಲಿಯೇ ಕ್ಯಾಂಬೆಲ್ ಎಂಬ ಗಣಿಯೂ ಚಿನ್ನ ತೆಗೆಯಲಾರಂಭಿಸಿದವು. ನೆಲದಡಿಯ ಅದಿರಿಗೆ ಯಾವ ಬೇಲಿ? ಒಂದೇ ಅದಿರಿನ ಮೈ ಎರಡು ಕಂಪನಿಗಳ ಎಲ್ಲೆಯನ್ನು ದಾಟಿ ಹಬ್ಬಿತ್ತು. ಆದರೂ ಐವತ್ತಕ್ಕೂ ಮೀರಿದ ವರ್ಷ ಇವರ ನಕ್ಷೆಯನ್ನು ಅವರಿಗೆ ತೋರದೆ, ಅವರ ಲೆಕ್ಕವನ್ನು ಇವರಿಗೆ ಹೇಳದೆ, ಗೋಡೆಯ ಎರಡು ಬದಿಯ ದಾಯಾದಿಗಳಂತೆ ಅಗೆದುಕೊಂಡರು.

ಇಲ್ಲಿ ಕಲ್ಲಿನ ವಿಷಯವಾಗಿ ಒಂದು ಮಾತು ಹೇಳಬೇಕು. ರೆಡ್ ಲೇಕಿನ ಬಂಡೆಗಳು ಭೂಮಿಯ ಅತ್ಯಂತ ಪುರಾತನ ಶಿಲೆಗಳ ಸಾಲಿಗೆ ಸೇರಿದವು. ಇನ್ನೂರು ಎಪ್ಪತ್ತು ಕೋಟಿ ವರ್ಷಗಳಿಗೂ ಹಿಂದಿನವು. ಹಸಿರು ಛಾಯೆಯ ಜ್ವಾಲಾಮುಖಿ ಶಿಲೆಗಳ ಇಂಥ ಪಟ್ಟೆಗಳಲ್ಲಿಯೇ ಕೋಲಾರದ ಹೊನ್ನೂ, ರಾಯಚೂರು ಸೀಮೆಯ ಹಟ್ಟಿಯ ಹೊನ್ನೂ ಅಡಗಿದ್ದವು. ಭೂವಿಜ್ಞಾನಿಗಳು ಕರ್ನಾಟಕದ ಈ ಪ್ರಾಚೀನ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟಿದ್ದಾರೆ. ಎರಡು ಖಂಡಗಳ ಆಚೆಗಿನ ರೆಡ್ ಲೇಕಿನ ಕಲ್ಲು, ಗುಣದಲ್ಲಿಯೂ ವಯಸ್ಸಿನಲ್ಲಿಯೂ, ಕೋಲಾರದ ಕಲ್ಲಿಗೆ ನಂಟನೆಂದರೆ ತಪ್ಪಾಗಲಾರದು.

ಇನ್ನು ಮುಖ್ಯ ಕಥೆ. 1990ರ ಸುಮಾರಿಗೆ ಹಳೆಯ ಡಿಕನ್‌ಸನ್ ಗಣಿ ರಾಬ್ ಮೆಕ್‌ಈವನ್ ಎಂಬವನ ಕೈಗೆ ಬಂತು. ಅವನು ಗಣಿಯವನಲ್ಲ, ಟೊರಾಂಟೋ ನಗರದ ಹಣಕಾಸಿನ ವ್ಯವಹಾರದಲ್ಲಿ ಬೆಳೆದವನು. ಗೋಲ್ಡ್‌ಕಾರ್ಪ್ ಎಂಬುದು ಅವನ ಕಂಪನಿಯ ಹೆಸರು. ಕೈಗೆ ಬಂದ ಗಣಿ ಮುಪ್ಪಾಗಿತ್ತು. 1996ರಲ್ಲಿ ಇಡೀ ವರ್ಷಕ್ಕೆ ಸಿಕ್ಕಿದ ಚಿನ್ನ ಸುಮಾರು 53 ಸಾವಿರ ಔನ್ಸ್. ಅದರಲ್ಲಿ ಒಂದೊಂದು ಔನ್ಸನ್ನು ತೆಗೆಯಲು ತಗಲುತ್ತಿದ್ದ ವೆಚ್ಚ 360 ಡಾಲರ್. ಮುಂದೆ 2000ದ ಹೊತ್ತಿಗೆ ಪೇಟೆಯಲ್ಲಿ ಚಿನ್ನದ ಬೆಲೆಯೇ ಔನ್ಸಿಗೆ 280 ಡಾಲರಿನ ಆಸುಪಾಸಿಗೆ ಇಳಿದಿತ್ತೆಂದರೆ, ಆ ವೆಚ್ಚದಲ್ಲಿ ಗಣಿ ನಡೆಯುವಂತಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬ ಗಾದೆ ಇಂಥ ಗಣಿಗೇ ಹುಟ್ಟಿದ್ದೆನ್ನಬೇಕು.

ಅದೇ 1996ರ ಜೂನ್ ತಿಂಗಳಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಒಂದೆರಡು ತಿಂಗಳಲ್ಲಿ ಮುಗಿಯಲಿಲ್ಲ. 46 ತಿಂಗಳು ನಡೆಯಿತು. ನಾಲ್ಕು ಸಾವಿರ ಜನರ ಊರಿನಲ್ಲಿ ಒಂದು ಗಣಿ ನಾಲ್ಕು ವರ್ಷದಷ್ಟು ಕಾಲ ಮುಷ್ಕರದಲ್ಲಿದ್ದರೆ ಅಂಗಡಿಯವನಿಗೆ, ಶಾಲೆಗೆ, ಮದುವೆಯ ವಯಸ್ಸಿನ ಮಕ್ಕಳಿರುವ ಮನೆಗೆ ಏನಾದೀತೆಂಬುದನ್ನು ಕೋಲಾರದ ಗಣಿಯ ಜನ ಊಹಿಸಬಲ್ಲರು. ವ್ಯಾಪಾರಶಾಸ್ತ್ರದ ಗ್ರಂಥಗಳಲ್ಲಿ ಈ ಮುಷ್ಕರಕ್ಕೆ ಸಿಕ್ಕಿರುವ ಜಾಗ ಬಹು ಸ್ವಲ್ಪ.

ಇದರ ನಡುವೆ ಒಂದು ಆಸೆಯ ಎಳೆಯೂ ಇತ್ತು. 1995ರಲ್ಲಿ ಗಣಿಯ ಆಳದಲ್ಲಿ ಕೊರೆದ ಕೆಲವು ರಂಧ್ರಗಳಿಂದ ಬಂದ ಕಲ್ಲಿನಲ್ಲಿ ಹಿಂದೆಂದೂ ಕಾಣದಷ್ಟು ಹೊನ್ನು ಸಿಕ್ಕಿತ್ತು. ಆಳದಲ್ಲಿ ಶ್ರೀಮಂತ ಅದಿರು ಇದೆಯೆಂಬುದು ಖಚಿತವಾಯಿತು. ಅದು ಎತ್ತ ಹಬ್ಬಿದೆ, ಎಲ್ಲಿ ತುಂಡಾಗಿದೆ, 55,000 ಎಕರೆಯ ಆ ಸೊತ್ತಿನಲ್ಲಿ ಅಂಥವು ಇನ್ನೆಷ್ಟಿವೆ ಎಂಬುದನ್ನು ಮಾತ್ರ ಕಂಪನಿಯ ಭೂವಿಜ್ಞಾನಿಗಳು ಬೇಗ ಹೇಳಲಾರದೆ ಹೋದರು. ಅವರ ದಡ್ಡತನವೇನೂ ಅಲ್ಲ. ಭೂಮಿ ಮುಚ್ಚಿದ ಪುಸ್ತಕ. ಅಲ್ಲೊಂದು ಇಲ್ಲೊಂದು ತೂತು ಕೊರೆದು, ಆ ತೂತಿನಲ್ಲಿ ಕಂಡ ಅಕ್ಷರಗಳಿಂದ ಇಡೀ ಪುಟವನ್ನು ಊಹಿಸಬೇಕು.

1999ರಲ್ಲಿ ಮೆಕ್‌ಈವನ್ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ನಡೆದ ಒಂದು ಗೋಷ್ಠಿಗೆ ಹೋದನು. ಅಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಕಥೆ ಅವನ ಕಿವಿಗೆ ಬಿತ್ತು. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್‌ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ತಾನು ಬರೆದ ಕ್ರಮವಿಧಿಯನ್ನು ಬಚ್ಚಿಡದೆ ಅಂತರಜಾಲದಲ್ಲಿ ಎಲ್ಲರೆದುರು ಇಟ್ಟನು; ಎಲ್ಲೆಲ್ಲಿಯೋ ಇರುವ ಸಾವಿರಾರು ಮಂದಿ ಅದನ್ನು ತಿದ್ದಿದರು, ಬೆಳೆಸಿದರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯಾಯಿತು. ಕೇಳುತ್ತ ಕುಳಿತ ಗಣಿಯ ಒಡೆಯನಿಗೆ ಹೊಳೆದದ್ದು ಇಷ್ಟೆ: ತನ್ನವರು ಕಾಣಲಾರದ ಚಿನ್ನವನ್ನು ಹೊರಗಿನವರು ಕಂಡಾರು. ಹಾಗಾದರೆ ಅವರ ಕೈಗೆ ನಕ್ಷೆಯನ್ನು ಕೊಡಬಾರದೇಕೆ?

ಹಾಗೆಂದು ಹೇಳುವುದು ಸುಲಭ. ಗಣಿ ಕಂಪನಿಯ ಆಸ್ತಿಯೆಂದರೆ ನೆಲ ಒಂದು, ಆ ನೆಲದ ವಿಷಯವಾಗಿ ಕೂಡಿಟ್ಟ ತಿಳಿವಳಿಕೆ ಇನ್ನೊಂದು. ಎರಡನೆಯದನ್ನು ಬೀದಿಗೆ ಚೆಲ್ಲಿದರೆ ಹಣವುಳ್ಳ ಇನ್ನೊಂದು ಕಂಪನಿ ಲೆಕ್ಕ ಹಾಕಿ, ಷೇರುಗಳನ್ನು ಕೊಂಡು, ಗಣಿಯನ್ನೇ ನುಂಗಬಹುದು. ಅದಕ್ಕಿಂತ ಮಿಗಿಲಾದ ತೊಡಕು ಮನುಷ್ಯರದು. ವರ್ಷಗಟ್ಟಲೆ ಅಲ್ಲಿಯೇ ದುಡಿದ ಭೂವಿಜ್ಞಾನಿಗಳಿಗೆ, ನಿಮ್ಮಿಂದಾಗಲಿಲ್ಲ, ಬೀದಿಯಲ್ಲಿ ಹೋಗುವವರನ್ನು ಕೇಳೋಣ ಎಂದಂತಾಗದೆ? ಅವರು ಮೊದಲು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ 2000ದ ಮಾರ್ಚಿಯಲ್ಲಿ ಗೋಲ್ಡ್‌ಕಾರ್ಪ್ ಪಂದ್ಯವನ್ನು ಸಾರಿತು. 1948ರಿಂದ ಕೂಡಿಬಂದ ಗಣಿಯ ಭೂವೈಜ್ಞಾನಿಕ ದಾಖಲೆಗಳೆಲ್ಲ, 400 ಮೆಗಾಬೈಟಿನಷ್ಟು, ಅಂತರಜಾಲದಲ್ಲಿ ಬಂದವು. ಮುಂದಿನ 60 ಲಕ್ಷ ಔನ್ಸ್ ಚಿನ್ನ ಎಲ್ಲಿದೆ ಎಂಬುದೇ ಪ್ರಶ್ನೆ. ಬಹುಮಾನದ ಒಟ್ಟು ಮೊತ್ತ 5,75,000 ಡಾಲರ್. 400 ಮೆಗಾಬೈಟೆಂದರೆ ಇಂದು ಮಕ್ಕಳ ಕೈಯ ಫೋನಿನಲ್ಲಿಯೂ ಹಿಡಿಯುವಂಥದು. ಅಂದಿನ ನಿಧಾನದ ತಂತಿಗಳಲ್ಲಿ ಅದನ್ನು ಇಳಿಸಿಕೊಳ್ಳುವುದಕ್ಕೆ ತಾಳ್ಮೆ ಬೇಕಾಗಿತ್ತು.

ಆ ದಾಖಲೆಗಳಲ್ಲಿ ಇದ್ದುದೇನು? ಗಣಿಯಲ್ಲಿ ವಜ್ರದ ಹಲ್ಲಿನ ಕೊಳವೆಯಿಂದ ಬಂಡೆಯನ್ನು ಕೊರೆದಾಗ ಒಳಗಿನ ಕಲ್ಲು ಉದ್ದನೆಯ ದಂಡದಂತೆ ಹೊರಬರುತ್ತದೆ. ಆ ದಂಡವನ್ನು ಅಡಿಯಡಿಯಾಗಿ ನೋಡಿ, ಇಲ್ಲಿ ಇಂಥ ಕಲ್ಲು, ಇಲ್ಲಿ ಬಿರುಕು, ಇಲ್ಲಿ ಬೆಣಚಿನ ಪಟ್ಟಿ ಎಂದು ಬರೆದಿಡುತ್ತಾರೆ. ತುಂಡುಗಳನ್ನು ಪುಡಿಮಾಡಿ ಹೊನ್ನೆಷ್ಟಿದೆಯೆಂದು ಪರೀಕ್ಷಿಸುತ್ತಾರೆ. ರಂಧ್ರ ಎಲ್ಲಿಂದ ಹೊರಟು ಯಾವ ಓರೆಯಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂಬ ಅಳತೆಯುಂಟು. ಸುರಂಗಗಳ ನಕ್ಷೆಗಳುಂಟು. ಬೇರೆ ಬೇರೆ ಕೈಗಳ ಬರಹ, ಬೇರೆ ಬೇರೆ ಕಾಲದ ಪದ್ಧತಿ. ಒಂದು ಊರಿನ ಐವತ್ತು ವರ್ಷದ ಶಾನುಭೋಗರ ಲೆಕ್ಕವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಅಪರಿಚಿತನ ಕೈಗೆ ಕೊಟ್ಟಂತೆ.

ಐವತ್ತು ದೇಶಗಳಿಂದ ಸಾವಿರಕ್ಕೂ ಹೆಚ್ಚು ಜನ ಆ ಗಂಟನ್ನು ಬಿಚ್ಚಿದರು. ಭೂವಿಜ್ಞಾನಿಗಳಲ್ಲದೆ ಗಣಿತಜ್ಞರು, ವಿದ್ಯಾರ್ಥಿಗಳು, ಸೈನ್ಯದ ಅಧಿಕಾರಿಗಳು ಕೂಡ ಅವರಲ್ಲಿದ್ದರೆನ್ನುತ್ತಾರೆ. ಮೊದಲ ಬಹುಮಾನ ಸಂದದ್ದು ಭೂಗೋಳದ ಆ ಕಡೆಗೆ: ಆಸ್ಟ್ರೇಲಿಯದ ಪಡುವಣ ತೀರದ ಪರ್ತ್ ನಗರದ ಫ್ರಾಕ್ಟಲ್ ಗ್ರಾಫಿಕ್ಸ್ ಎಂಬ ಸಂಸ್ಥೆಯೂ, ಅದೇ ದೇಶದ ಕ್ವೀನ್ಸ್‌ಲೆಂಡಿನ ಟೇಲರ್ ವಾಲ್ ಎಂಬ ಸಂಸ್ಥೆಯೂ ಜೊತೆಗೂಡಿ, ಅಂಕಿಗಳಿಂದ ಇಡೀ ಗಣಿಯನ್ನು ಕಂಪ್ಯೂಟರಿನ ತೆರೆಯ ಮೇಲೆ ಉದ್ದ ಅಗಲ ಆಳಗಳೊಡನೆ ಕಟ್ಟಿ ನಿಲ್ಲಿಸಿದವು. ಫ್ರಾಕ್ಟಲ್ ಗ್ರಾಫಿಕ್ಸಿನ ಮುಖ್ಯಸ್ಥ ರೆಡ್ ಲೇಕನ್ನು ಕಂಡವನಲ್ಲ, ಕೆನಡಾಕ್ಕೇ ಕಾಲಿಟ್ಟವನಲ್ಲ. ವೀಳೆಯದೆಲೆಗೆ ಅಂಜನ ಬಳಿದು ಎಲ್ಲೋ ಹೂಳಿದ ಕೊಪ್ಪರಿಗೆಯನ್ನು ತೋರಿಸುವೆನೆನ್ನುವವರ ಮಾತು ಕನ್ನಡದ ಹಳ್ಳಿಗಳಲ್ಲಿ ಹಳತು. ಆ ಅಂಜನದಲ್ಲಿ ನಿಧಿ ಸಿಕ್ಕಿದವರು ವಿರಳ. ಈ ಅಂಜನದಲ್ಲಿ ಸಿಕ್ಕಿತು. ಸ್ಪರ್ಧಿಗಳು ಗುರುತಿಸಿದ ಜಾಗಗಳು ನೂರಕ್ಕೂ ಮೇಲು. ಅವುಗಳಲ್ಲಿ ಅರ್ಧದಷ್ಟು ಕಂಪನಿಯವರ ಗಮನಕ್ಕೆ ಮೊದಲು ಬಂದಿರಲಿಲ್ಲ. ಆ ಹೊಸ ಜಾಗಗಳನ್ನು ಕೊರೆದಾಗ ನೂರಕ್ಕೆ ಎಂಬತ್ತರಷ್ಟು ಕಡೆ ಹೊನ್ನು ಕಂಡಿತೆಂದು ಕಂಪನಿ ಹೇಳಿತು. 2001ರಲ್ಲಿ ಗಣಿಯ ಉತ್ಪತ್ತಿ ಐದು ಲಕ್ಷ ಔನ್ಸನ್ನು ದಾಟಿತು. ಔನ್ಸಿಗೆ ತಗಲುವ ವೆಚ್ಚ 59 ಡಾಲರಿಗೆ ಇಳಿಯಿತು.

ಕನ್ನಡ ಓದುಗನ ಎದೆ ಇಲ್ಲಿ ತುಸು ಭಾರವಾಗದೆ ಇರದು. ಏಕೆಂದರೆ ರೆಡ್ ಲೇಕ್ ಹೀಗೆ ಮೇಲೆದ್ದ ಅದೇ 2001ರಲ್ಲಿ, ಫೆಬ್ರವರಿ 28ರಂದು, ಕೋಲಾರದ ಚಿನ್ನದ ಗಣಿ ಬಾಗಿಲು ಮುಚ್ಚಿತು. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಕೈಹಾಕಿದಂದಿನಿಂದ ಅಲ್ಲಿ ತೆಗೆದ ಹೊನ್ನು ಸುಮಾರು 800 ಟನ್ನು. ಚಾಂಪಿಯನ್ ರೀಫಿನ ಸುರಂಗಗಳು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗೇ. ಅಷ್ಟು ವೈಭವವೂ ಕೊನೆಗೆ ಸೈನೈಡ್ ಗುಡ್ಡಗಳ ಬೂದಿಬಣ್ಣಕ್ಕೆ, ನೀರು ತುಂಬಿದ ಶಾಫ್ಟುಗಳಿಗೆ, ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಜನಸಂದಣಿಗೆ ಬಂದು ಮುಟ್ಟಿತು.

ಕೋಲಾರದ ಗಣಿಯ ಹುಟ್ಟಿನಲ್ಲಿಯೇ ಒಂದು ಪಂದ್ಯವಿತ್ತೆಂಬುದನ್ನು ಬಹುಮಂದಿ ಮರೆತಿದ್ದಾರೆ. ಟಿಪ್ಪುವಿನ ಪತನದ ತರುವಾಯ ಮೈಸೂರು ಸೀಮೆಯ ಎಲ್ಲೆಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಗೆ, ಇಲ್ಲಿಯ ಮಣ್ಣಿನಲ್ಲಿ ಹೊನ್ನಿದೆಯೆಂಬ ವದಂತಿ ಕೇಳಿಬಂತು. 1802ರಲ್ಲಿ ಅವನು, ಹೊನ್ನಿರುವ ಜಾಗವನ್ನು ತೋರಿಸಿದವರಿಗೆ ಇನಾಮು ಕೊಡುವುದಾಗಿ ಸಾರಿಸಿದನು. ಉರಿಗಾಮಿನ ಕಡೆಯ ಹಳ್ಳಿಗರು ಎತ್ತಿನ ಗಾಡಿಗಳಲ್ಲಿ ಮಣ್ಣನ್ನು ಹೇರಿ ತಂದು, ಅವನ ಕಣ್ಣೆದುರೇ ನೀರಿನಲ್ಲಿ ತೊಳೆದು, ಅಡಿಯಲ್ಲಿ ಉಳಿದ ಹೊನ್ನಿನ ಕಣಗಳನ್ನು ತೋರಿಸಿದರು. ತಾತ ಮುತ್ತಾತಂದಿರ ಕಾಲದಿಂದ ಅವರು ಆ ವಿದ್ಯೆಯನ್ನು ಬಲ್ಲರು. ದೊರೆಯ ಕಡೆಯವನು ಬಲ್ಲವನಲ್ಲ. ಬಲ್ಲವರನ್ನು ಕರೆದು ಕೇಳಿದ. ಮುಂದೆ ಗಣಿಯೆದ್ದಾಗ ಆ ಹಳ್ಳಿಗರ ಪಾಲಿಗೆ ಏನು ಬಂತೆಂಬುದನ್ನು ಹುಡುಕಹೊರಟರೆ ಷೇರುದಾರರ ಪಟ್ಟಿಯಲ್ಲಿ ಅವರ ಹೆಸರು ಸಿಗಲಾರದು.

ಹಾಗಾದರೆ ಕೋಲಾರದವರೂ ತಮ್ಮ ನಕ್ಷೆಗಳನ್ನು ಲೋಕಕ್ಕೆ ತೆರೆದಿದ್ದರೆ ಗಣಿ ಉಳಿಯುತ್ತಿತ್ತೆ? ಹಾಗೆಂದು ಮರುಗುವುದು ಸಹಜ, ನಂಬುವುದು ಕಷ್ಟ. ಕೋಲಾರದ ಅದಿರಿನಲ್ಲಿ ಮೊದಮೊದಲು ಟನ್ನಿಗೆ 40 ಗ್ರಾಮನ್ನು ಮೀರಿದ ಹೊನ್ನು, ಕೊನೆಗಾಲಕ್ಕೆ 3 ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಬೆಂದಂತೆ ಕಾದಿರುತ್ತದೆ, ಒತ್ತಡಕ್ಕೆ ಸಿಡಿಯುತ್ತದೆ. ರೆಡ್ ಲೇಕಿನ ಸ್ಥಿತಿ ಬೇರೆ. ಅಲ್ಲಿ ಪಂದ್ಯಕ್ಕೆ ಐದು ವರ್ಷ ಮುಂಚೆಯೇ ಶ್ರೀಮಂತ ಅದಿರು ಕಂಡಿತ್ತು. ಪಂದ್ಯ ಸಾರಿದ ಮರುತಿಂಗಳು, 2000ದ ಏಪ್ರಿಲಿನಲ್ಲಿ, ಮುಷ್ಕರವೂ ಮುಗಿದು, ಆ ವರ್ಷವೇ ಗಣಿಯ ಕೆಲಸ ಮರಳಿ ಆರಂಭವಾಯಿತು. ಐದು ಲಕ್ಷ ಔನ್ಸಿನ ಬಹುಪಾಲು ಬಂದದ್ದು ಆ ಹಳೆಯ ಶೋಧದಿಂದ, ಸುರಂಗಕ್ಕಿಳಿದ ಕಾರ್ಮಿಕರ ಕೈಯಿಂದ. ನೂರು ದಶಲಕ್ಷ ಡಾಲರಿನ ಕಂಪನಿಯನ್ನು ಅಂತರಜಾಲದ ಒಂದು ಪಂದ್ಯ ಒಂಬೈನೂರು ಕೋಟಿ ಡಾಲರಿಗೆ ಏರಿಸಿತೆಂದು ಕೆಲವರು ಬರೆದಿರುವುದು ಹರಿಕಥೆಯ ಧಾಟಿ. ಆ ಏರಿಕೆಯ ನಡುವೆ ಚಿನ್ನದ ಬೆಲೆ ಏರಿತು, ಬೇರೆ ಕಂಪನಿಗಳು ಬಂದು ಕೂಡಿದವು; ಅದನ್ನೆಲ್ಲ ಬಿಟ್ಟು ಲೆಕ್ಕ ಹಾಕಲಾಗದು.

ಪಂದ್ಯ ಮಾಡಿದ ನಿಜವಾದ ಕೆಲಸ ಬೇರೆ ತೆರನಾದದ್ದು. ಹುಡುಕಾಟದ ಕಾಲವನ್ನು ಅದು ಎರಡು ಮೂರು ವರ್ಷಗಳಷ್ಟು ಕಿರಿದುಗೊಳಿಸಿತೆಂದು ಮೆಕ್‌ಈವನ್ ಎಣಿಸಿದನು. ಕೊರೆಯುವ ಯಂತ್ರವನ್ನು ಎಲ್ಲಿ ನಿಲ್ಲಿಸಬೇಕೆಂಬ ಒಂದು ತೀರ್ಮಾನಕ್ಕೆ ಅಪಾರ ಹಣ ಸುರಿಯುವ ಕಸುಬಿನಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು, ಪಾವತಿಯ ಕ್ರಮವೇ ತಲೆಕೆಳಗಾಯಿತು. ಮುಂಚೆ ಪಂಡಿತನನ್ನು ಕರೆಸಿ, ಸಂಬಳ ಕೊಟ್ಟು, ಉತ್ತರಕ್ಕಾಗಿ ಕಾಯಬೇಕಾಗಿತ್ತು. ಈಗ ಉತ್ತರ ಬಂದ ಮೇಲೆ, ಅದೂ ಗೆದ್ದ ಉತ್ತರಕ್ಕೆ ಮಾತ್ರ ಹಣ. ಸಾವಿರ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು; ಹಣ ಕೈಗೆ ಹತ್ತಿದ್ದು ಬೆರಳೆಣಿಕೆಯ ಗುಂಪುಗಳಿಗೆ. ಮೊದಲ ಬಹುಮಾನವೇ 1,05,000 ಡಾಲರ್. ಗೆದ್ದವರಿಗೆ ಅದರಿಂದ ಖರ್ಚು ಕಳೆದು ಉಳಿದದ್ದು ಅಲ್ಪವೆಂದೂ, ಹೆಸರು ಬಂದು ಮುಂದಿನ ವ್ಯಾಪಾರ ಕುದುರಿದ್ದೇ ಅವರ ಲಾಭವೆಂದೂ ಹೇಳುತ್ತಾರೆ. ಸೋತವರ ದುಡಿಮೆ? ಅದು ಬಿಟ್ಟಿ. ಆದರೆ ಬಲವಂತದ ಬಿಟ್ಟಿಯಲ್ಲ; ತಾವೇ ಒಲಿದು ಆಡಿದ ಆಟ. ಇದನ್ನು ಸಹಕಾರವೆನ್ನಬೇಕೋ ಜೂಜೆನ್ನಬೇಕೋ ಎಂಬ ವಿಷಯದಲ್ಲಿ ವ್ಯಾಪಾರಶಾಸ್ತ್ರದವರು ಸಹಕಾರದ ಕಡೆಗೇ ವಾಲುತ್ತಾರೆ. ಸಹಕಾರವೆಂಬ ಮಾತಿಗೆ ಕನ್ನಡ ನಾಡಿನಲ್ಲಿ ಬೇರೆ ಅರ್ಥವಿದೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ರೈತರು ಕೂಡಿ ಕಟ್ಟಿದ ಸಂಘದಲ್ಲಿ ಸದಸ್ಯನಿಗೆ ಪಾಲಿತ್ತು. ರೆಡ್ ಲೇಕಿನ ಸಾವಿರ ಜನರಲ್ಲಿ ಯಾರಿಗೂ ಪಾಲಿರಲಿಲ್ಲ. ಗುಟ್ಟನ್ನು ಬಿಟ್ಟುಕೊಟ್ಟ ಗಣಿ ನೆಲವನ್ನು ಬಿಟ್ಟುಕೊಟ್ಟಿರಲಿಲ್ಲ. ಎಲ್ಲೆಯ ಗೂಟಗಳು ಸ್ವಸ್ಥಾನದಲ್ಲಿ ಭದ್ರವಾಗಿದ್ದುದರಿಂದಲೇ ನಕ್ಷೆಯನ್ನು ಹಂಚುವ ಧೈರ್ಯ ಬಂತು. ಚಿನ್ನ ಎಲ್ಲಿದೆಯೆಂದು ಯಾರಿಗೆ ತಿಳಿದರೂ ಅದನ್ನು ಅಗೆಯುವ ಹಕ್ಕು ಒಬ್ಬನದೇ.

ಇದೇ ಊರಿನಲ್ಲಿ ಆ ಬೇರೆಯ ಅರ್ಥದ ಸಹಕಾರವೂ ಒಮ್ಮೆ ನಡೆದಿತ್ತು. ಅನಿಶಿನಾಬೆ ಚಿತ್ರಕಾರ ನಾರ್ವಲ್ ಮಾರಿಸೋ, ಲೋಕಪ್ರಸಿದ್ಧನಾಗುವುದಕ್ಕೆ ಮೊದಲು, ಕಾಕನೂರಿನ ಗಣಿಯಲ್ಲಿ ದುಡಿದವನು. ಕಪ್ಪು ಗೆರೆಯ ಆವರಣದೊಳಗೆ ಉರಿಯುವ ಬಣ್ಣಗಳನ್ನು ತುಂಬಿ, ಪ್ರಾಣಿಗಳ ಒಡಲೊಳಗಿನ ಪ್ರಾಣವನ್ನೇ ತೋರಿಸುವಂತೆ ಅವನು ಬರೆದ ಚಿತ್ರಗಳು 1962ರಲ್ಲಿ ಟೊರಾಂಟೋದಲ್ಲಿ ಪ್ರದರ್ಶನಗೊಂಡವು. ಅವನ ದಾರಿಯಲ್ಲಿ ನಡೆದ ಕಕೆಗಾಮಿಕ್ ಮನೆತನದ ಅಣ್ಣತಮ್ಮಂದಿರು 1973ರಲ್ಲಿ ರೆಡ್ ಲೇಕಿನಲ್ಲಿ ಟ್ರಿಪಲ್ ಕೆ ಎಂಬ ಸಹಕಾರಿ ಸಂಸ್ಥೆ ಕಟ್ಟಿ, ತಮ್ಮ ಜನರ ಚಿತ್ರಗಳನ್ನು ರೇಷ್ಮೆಜಾಲರಿಯ ಅಚ್ಚಿನಲ್ಲಿ ಮುದ್ರಿಸಿ ತಾವೇ ಮಾರಿದರು. ಅದು ಹತ್ತು ವರ್ಷ ನಡೆಯಿತು. ವ್ಯಾಪಾರಶಾಸ್ತ್ರದ ತರಗತಿಗಳಿಗೆ ಆ ಕಥೆ ಹೋಗಿಲ್ಲ, ಹೋದರೆ ಕೆಡುಕಿಲ್ಲ.

ಪಂದ್ಯದ ಪದ್ಧತಿಯೇನೋ ಬೇರೂರಿತು. 2001ರಲ್ಲಿಯೇ ಅಮೆರಿಕದಲ್ಲಿ, ಔಷಧ ತಯಾರಿಸುವ ಎಲೈ ಲಿಲಿ ಕಂಪನಿಯ ಆಶ್ರಯದಲ್ಲಿ, ಇನ್ನೋಸೆಂಟಿವ್ ಎಂಬ ಸಂಸ್ಥೆ ಹುಟ್ಟಿತು. ಕಂಪನಿಗಳು ಬಿಡಿಸಲಾರದ ರಸಾಯನಶಾಸ್ತ್ರದ ಒಗಟುಗಳನ್ನು ಲೋಕದ ಮುಂದಿಟ್ಟು, ಬಿಡಿಸಿದವರಿಗೆ ಬಹುಮಾನ ಕೊಡಿಸುವುದೇ ಅದರ ವ್ಯಾಪಾರ. ಗಣಿಗಾರರಲ್ಲಿ ಮಾತ್ರ ಗುಟ್ಟಿನ ಮೋಹ ಬೇಗ ಸಡಿಲವಾಗಲಿಲ್ಲ. ಹದಿನೈದು ವರ್ಷಗಳ ಬಳಿಕ, 2015ರಲ್ಲಿ, ಕೆನಡಾದ್ದೇ ಆದ ಕ್ವಿಬೆಕ್ ಪ್ರಾಂತದ ವಾಲ್ ದೋರ್ ಎಂಬಲ್ಲಿ ಇಂಟೆಗ್ರಾ ಗೋಲ್ಡ್ ಎಂಬ ಕಂಪನಿ ಹಳೆಯ ಗಣಿಯೊಂದರ 6 ಟೆರಾಬೈಟ್ ದಾಖಲೆಗಳನ್ನು ತೆರೆದು, 10 ಲಕ್ಷ ಡಾಲರಿನ ಪಂದ್ಯ ಸಾರಿತು. ರೆಡ್ ಲೇಕಿನ ಗಂಟಿಗೆ ಹೋಲಿಸಿದರೆ ಅದು ಹದಿನೈದು ಸಾವಿರ ಪಟ್ಟು ದೊಡ್ಡ ಗಂಟು.

ರೆಡ್ ಲೇಕಿನಲ್ಲಿ ಕಾಲ ನಿಂತಿಲ್ಲ. 2006ರಲ್ಲಿ ಕ್ಯಾಂಬೆಲ್ ಗಣಿಯೂ ಗೋಲ್ಡ್‌ಕಾರ್ಪಿಗೆ ಸೇರಿ, ದಾಯಾದಿಗಳ ನಡುವಣ ಗೋಡೆ ಕೊನೆಗೂ ಬಿದ್ದಿತು. ಮೆಕ್‌ಈವನ್ ಅದಕ್ಕೆ ಮುನ್ನವೇ ಮುಖ್ಯಾಧಿಕಾರಿಯ ಪದವಿಯನ್ನು ಬಿಟ್ಟಿದ್ದನು. 2019ರಲ್ಲಿ ಗೋಲ್ಡ್‌ಕಾರ್ಪನ್ನೇ ನ್ಯೂಮಾಂಟ್ ಎಂಬ ದೈತ್ಯ ಕಂಪನಿ ತನ್ನೊಳಗೆ ಸೇರಿಸಿಕೊಂಡಿತು; 2020ರಲ್ಲಿ ಅದು ಈ ಗಣಿಯನ್ನು ಮಾರಿತು. ಕೊಂಡದ್ದು ಎವಲ್ಯೂಷನ್ ಮೈನಿಂಗ್, ಸಿಡ್ನಿಯಲ್ಲಿ ಮನೆಮಾಡಿದ ಆಸ್ಟ್ರೇಲಿಯದ ಕಂಪನಿ. ಒಮ್ಮೆ ಕೆನಡಾವನ್ನು ಕಾಣದೆಯೇ ಚಿನ್ನದ ಜಾಗವನ್ನು ತೋರಿಸಿದ ದೇಶದವರೇ ಇಪ್ಪತ್ತು ವರ್ಷಕ್ಕೆ ಹಣ ಹಿಡಿದುಕೊಂಡು ಬಂದರು. ಆ ವರ್ಷದ ಆಗಸ್ಟಿನಲ್ಲಿ ಕಾಡ್ಗಿಚ್ಚು ಊರಿನ ಹತ್ತಿರಕ್ಕೆ ಬಂದು, ಜನರೆಲ್ಲ ಆ ಒಂದೇ ಹೆದ್ದಾರಿಯನ್ನು ಹಿಡಿದು ತೆರಳಬೇಕಾಯಿತು. ಊರು ಉಳಿಯಿತು. ಜನ ಮರಳಿದರು.

ಬೇಸಗೆಯಲ್ಲಿ ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಚಿನ್ನದ ಗೊಡವೆಯಿಲ್ಲ. ಅವರು ಬರುವುದು ವಾಲ್‌ಐ ಎಂಬ ಮೀನಿಗಾಗಿ. ಹೋವಿ ಕೊಲ್ಲಿಯಿಂದ ವಿಮಾನ ನೀರನ್ನು ಸೀಳಿಕೊಂಡು ಏರಿ, ಗಾಳಹಾಕುವವರನ್ನು ಎಲ್ಲಿಯೋ ಹೆಸರಿಲ್ಲದ ಸರೋವರದ ಬದಿಗೆ ಇಳಿಸಿ ಬರುತ್ತದೆ. ಗಣಿಯ ವಿಷಯವಾಗಿ ಏನನ್ನು ಕೇಳಿದರೂ ಹೇಳುವ ಜನರಿದ್ದಾರು. ಮೀನು ಯಾವ ಬಂಡೆಯ ಮಗ್ಗುಲಲ್ಲಿ ಚೆನ್ನಾಗಿ ಕಚ್ಚುತ್ತದೆಂದು ಕೇಳಿದವನಿಗೆ ನೇರವಾದ ಉತ್ತರ ಸಿಕ್ಕೀತೆಂಬ ಭರವಸೆಯಿಲ್ಲ.